ಕೂಲ್‌ಡೌನ್ ಮುಗಿದರೂ ಮಂತ್ರ ಹೊರಡದಿದ್ದುದಕ್ಕೆ ಪರಿಹಾರ

ನಮ್ಮ ಆನ್‌ಲೈನ್ ಆಟದಲ್ಲಿ 1.5 ಸೆಕೆಂಡಿನ ಕೂಲ್‌ಡೌನ್ (ಒಂದು ಮಂತ್ರದ ನಂತರ ಮುಂದಿನದಕ್ಕೆ ಕಾಯಬೇಕಾದ ಅವಧಿ) ಮುಗಿದ ತಕ್ಷಣ ಗುಂಡಿ ಒತ್ತಿದರೂ ಸರ್ವರ್ ಆಗಾಗ ಮಂತ್ರವನ್ನು ತಿರಸ್ಕರಿಸುತ್ತಿತ್ತು. ಗಡಿಯಾರದಲ್ಲಿ ದೋಷವಿರಲಿಲ್ಲ, ಕಾರಣ ನೆಟ್‌ವರ್ಕ್ ವಿಳಂಬದ ಏರಿಳಿತ. ಮೊದಲ ವಿನಂತಿ ತಲುಪಲು 120 ಮಿಲಿಸೆಕೆಂಡ್, ಎರಡನೆಯದು 60 ಹಿಡಿದರೆ, ಸರ್ವರ್ ಲೆಕ್ಕದಲ್ಲಿ ಎರಡನೆಯದು 60 ಮಿಲಿಸೆಕೆಂಡ್ ಬೇಗ ಬಂದಂತೆ.

ಕೂಲ್‌ಡೌನನ್ನೇ ಕಡಿಮೆ ಮಾಡಬೇಡಿ, ಹಾನಿಯ ಸಮತೋಲನವೆಲ್ಲ ಕೆಡುತ್ತದೆ. ಕೊನೆಯ 400 ಮಿಲಿಸೆಕೆಂಡಿನಲ್ಲಿ ಬಂದ ವಿನಂತಿಯನ್ನು ಸರ್ವರ್ ಹಿಡಿದಿಟ್ಟು, ಅವಧಿ ಮುಗಿದೊಡನೆ ಬಿಡಲಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಡೀಫಾಲ್ಟ್ ಕೂಡ ಇಷ್ಟೇ. ಹೀಗೆ ಹಿಡಿದಿಟ್ಟ ವಿನಂತಿಗಳ ಸರದಿಯಲ್ಲಿ ಒಂದೇ ಸ್ಥಾನವಿರಲಿ, ಹೊಸದು ಹಳೆಯದನ್ನು ಅಳಿಸಲಿ. ಮೂರು ಇಟ್ಟಾಗ ಶತ್ರು ಸತ್ತ ಮೇಲೂ ಬೆಂಕಿಯುಂಡೆಗಳು ಹಾರುತ್ತಿದ್ದವು.

ಮಾನಾ (ಮಂತ್ರಕ್ಕೆ ಖರ್ಚಾಗುವ ಶಕ್ತಿ), ದೂರ, ಗುರಿ ಜೀವಂತವಿದೆಯೇ ಎಂಬ ತಪಾಸಣೆ ಸರದಿಗೆ ಸೇರಿದಾಗಲ್ಲ, ಮಂತ್ರ ಹೊರಡುವ ಕ್ಷಣದಲ್ಲಿ ಆಗಬೇಕು. ಪಠಣದ ಮಂತ್ರಗಳಿಗೆ (ಹೊರಡುವ ಮೊದಲು ಪಠಿಸಲು ಸಮಯ ಹಿಡಿಯುವವು) ಮಾನಾ ಕಡಿತ ಪಠಣ ಪೂರ್ಣವಾದ ಮೇಲೆಯೇ.