ತಲೆಚರ್ಮ ಸಡಿಲಿಸುವ ವ್ಯಾಯಾಮ: ಮೊದಲು ಹೊಲಿಗೆ ಗಟ್ಟಿಯಾಗಲಿ

ಬೆಂಗಳೂರಿನಲ್ಲಿ ಮೊದಲ ಹೇರ್ ಟ್ರಾನ್ಸ್‌ಪ್ಲಾಂಟ್ ಮುಗಿಸಿಕೊಂಡು ದಾವಣಗೆರೆಗೆ ಬಂದು ಏಳು ವಾರವಾಗಿತ್ತು. ನಾಟಿ ಮಾಡಿದ ಕೂದಲೆಲ್ಲ ಉದುರಿ ನೆತ್ತಿ ಮತ್ತೆ ಬಯಲಾಗಿತ್ತು. ಹೀಗೆ ಉದುರುವುದು ಸಹಜ, ಬೇರು ಒಳಗೇ ಇರುತ್ತದೆ, ಮೂರ್ನಾಲ್ಕು ತಿಂಗಳಿಗೆ ಮತ್ತೆ ಮೊಳೆಯುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ನನಗೆ ತಾಳ್ಮೆ ಎಲ್ಲಿ? ಎರಡನೇ ಸಲಕ್ಕೆ ಈಗಿನಿಂದಲೇ ತಯಾರಾಗೋಣ ಎಂದು ಕನ್ನಡಿ ಮುಂದೆ ಕೂತು, ಚರ್ಮ ಸಡಿಲವಾಗಲಿ ಎಂದು ಹಿಂದಲೆ ಒತ್ತಲು ಶುರು ಮಾಡಿದೆ. ನಾಲ್ಕನೇ ದಿನಕ್ಕೆ ಹೊಲಿಗೆ ಹಾಕಿದ ಜಾಗ ಚುರುಚುರು ಅನ್ನತೊಡಗಿತು. ಫೋನ್ ಮಾಡಿದರೆ ಡಾಕ್ಟರ್ ಬೈದರು: 'ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಮಾಗಿತು ಅಂದ್ಕೊಂಡ್ರಾ?'

ಮೊದಲು, ಈ ವ್ಯಾಯಾಮ ಯಾರಿಗೆ ಬೇಕು? ಭದ್ರಾ ನಾಲೆಯ ಕಡೆಯ ಗದ್ದೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹಿಂದಲೆಯೇ ನಮ್ಮ ಸಸಿಮಡಿ, ನೆತ್ತಿಗೆ ನಾಟಿ ಮಾಡುವ ಕೂದಲು ತೆಗೆಯುವುದು ಅಲ್ಲಿಂದಲೇ. ಸಸಿಗಳನ್ನು ಒಂದೊಂದಾಗಿ ಕಿತ್ತರೆ ಅದು ಎಫ್‌ಯುಇ. ಅದರಲ್ಲಿ ಉದ್ದ ಹೊಲಿಗೆ ಇಲ್ಲ, ಈ ವ್ಯಾಯಾಮದ ಗೊಡವೆಯೂ ಇಲ್ಲ. ಮಣ್ಣಿನ ಸಮೇತ ಒಂದು ಪಟ್ಟಿಯನ್ನೇ ಎತ್ತಿದರೆ ಅದು ಎಫ್‌ಯುಟಿ, ಬಾಯಿಮಾತಿನಲ್ಲಿ ಸ್ಟ್ರಿಪ್. ಸಾಮಾನ್ಯವಾಗಿ 1ರಿಂದ 1.5 ಸೆಂ.ಮೀ. ಅಗಲದ ಚರ್ಮದ ಪಟ್ಟಿ ತೆಗೆದು, ಎರಡೂ ಅಂಚನ್ನು ಎಳೆದು ಹೊಲಿಯುತ್ತಾರೆ. ಚರ್ಮ ಸಡಿಲವಿದ್ದರೆ ಅಂಚುಗಳು ಸಲೀಸಾಗಿ ಕೂಡುತ್ತವೆ. ಬಿಗಿಯಿದ್ದರೆ ಎಳೆತ ಜಾಸ್ತಿಯಾಗಿ ಗಾಯದ ಗೆರೆ ಅಗಲವಾಗುತ್ತದೆ. ಒಂದು ಪಟ್ಟಿ ಹೋದ ಮೇಲೆ ಉಳಿದ ಚರ್ಮ ಇನ್ನೂ ಬಿಗಿ. ಎರಡನೇ ಸಲಕ್ಕೆ ವ್ಯಾಯಾಮದ ಮಾತು ಬರುವುದು ಅದಕ್ಕೇ.

ಈಗ ಮುಖ್ಯ ಪ್ರಶ್ನೆ, ಯಾವಾಗ ಶುರು ಮಾಡಬೇಕು? ಲೆಕ್ಕವನ್ನು ಎರಡು ಕಡೆಯಿಂದ ಹಾಕಬೇಕು.

ಒಂದು, ಆದ ಸರ್ಜರಿಯಿಂದ ಮುಂದಕ್ಕೆ. ಹೊಲಿಗೆ ಬಿಚ್ಚುವುದು 10–14 ದಿನಕ್ಕೆ. ಆದರೆ ಮೂರು ವಾರದ ಗಾಯಕ್ಕೆ ಮೊದಲಿನ ಚರ್ಮದ ಐದನೇ ಒಂದು ಭಾಗದಷ್ಟೇ ಬಲ. ಮೂರು ತಿಂಗಳಿಗೆ ಸುಮಾರು ಶೇ. 80ರಷ್ಟು ಬರುತ್ತದೆ, ಪೂರ್ತಿ ನೂರು ಎಂದೂ ಬರುವುದಿಲ್ಲ. ಮೇಲೆ ಒಣಗಿ ಕಂಡರೂ ಒಳಗೆ ದುರಸ್ತಿ ಒಂದು ವರ್ಷದವರೆಗೆ ನಡೆದೇ ಇರುತ್ತದೆ. ಹಾಗಾಗಿ ಮೊದಲ ಮೂರು ತಿಂಗಳು ಆ ಕಡೆ ಕೈ ಹಾಕಲೇಬೇಡಿ. ಆಮೇಲೂ ಡಾಕ್ಟರ್ ಗೆರೆ ನೋಡಿ 'ಸರಿ' ಅಂದ ಮೇಲೆ. ಆರು ತಿಂಗಳು ಕಾಯಿಸುವವರೂ ಇದ್ದಾರೆ, ಕಾಯಿಸಿದರೆ ಕಾಯಿರಿ.

ಎರಡು, ಆಗಬೇಕಾದ ಸರ್ಜರಿಯಿಂದ ಹಿಂದಕ್ಕೆ. ಎರಡು ಸ್ಟ್ರಿಪ್‌ಗಳ ನಡುವೆ 8ರಿಂದ 12 ತಿಂಗಳು ಬಿಡುವುದು ವಾಡಿಕೆ. ಎರಡನೆಯದಕ್ಕೆ ಒಂದೆರಡು ತಿಂಗಳು ಮುಂಚೆ ವ್ಯಾಯಾಮ ಶುರುವಾಗಿರಬೇಕು. ಹಿಂದಿನ ವಾರ ಜೋರಾಗಿ ಉಜ್ಜಿದರೆ ಚರ್ಮ ಕೆಂಪಾದೀತೇ ಹೊರತು ಸಡಿಲವಾಗದು. ಎರಡೂ ಲೆಕ್ಕ ಇಟ್ಟು ನೋಡಿದರೆ ಅವಸರ ಪಡಲು ಕಾರಣವೇ ಇಲ್ಲ, ಅಲ್ವಾ?

ಮಾಡುವ ಬಗೆ ಸುಲಭ. ತಲೆಗೆ ಎಣ್ಣೆ ಬೇಡ, ಕೈ ಜಾರುತ್ತದೆ. ಎರಡೂ ಕೈ ಬೆರಳು ಹೆಣೆದು ಅಂಗೈಗಳನ್ನು ಹಿಂದಲೆಗೆ ಒತ್ತಿ ಹಿಡಿಯಿರಿ. ಅಂಗೈ ಚರ್ಮದ ಮೇಲೆ ಜಾರಬಾರದು. ಚರ್ಮವೇ ಬುರುಡೆಯ ಮೇಲೆ ಸರಿಯಬೇಕು. ಇಡೀ ಗುಟ್ಟು ಇಷ್ಟೇ. ಮೇಲಕ್ಕೆ ತಳ್ಳಿ ಎರಡು ಮೂರು ಸೆಕೆಂಡ್ ಹಿಡಿಯಿರಿ, ಕೆಳಕ್ಕೆ ಎಳೆದು ಅಷ್ಟೇ ಹೊತ್ತು ಹಿಡಿಯಿರಿ. ಮೊದಲ ವಾರ ದಿನಕ್ಕೆ ಐದು ನಿಮಿಷ ಸಾಕು. ಆಮೇಲೆ ಬೆಳಿಗ್ಗೆ ಹತ್ತು, ರಾತ್ರಿ ಹತ್ತು. ಟಿವಿ ನೋಡುತ್ತ ಮಾಡಬಹುದು. ನಾನು ಮಾಡುತ್ತಿದ್ದರೆ ಮಗಳು 'ಅಪ್ಪ ಪೊಲೀಸ್‌ಗೆ ಸರೆಂಡರ್ ಆದ' ಎಂದು ನಗುತ್ತಿದ್ದಳು.

ನೋವು, ಉರಿ, ಊತ, ಗೆರೆ ಕೆಂಪಾಗುವುದು, ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಸಲೂನಿನ ಹೆಡ್ ಮಸಾಜ್ ಇದಕ್ಕೆ ಬದಲಿಯಲ್ಲ. ಅವರು ಸುಮ್ನೆ ತಟ್ಟಿ ನೆಟಿಗೆ ಮುರಿಯುತ್ತಾರೆ, ಗಾಯದ ಗೆರೆ ಎಲ್ಲಿದೆ ಎಂದು ಅವರಿಗೇನು ಗೊತ್ತು? ಬೀಡಿ, ಸಿಗರೇಟು ಸೇದುವವರ ಗಾಯ ಮಾಗುವುದು ನಿಧಾನ, ಅದನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ.

ಇನ್ನೊಂದು ಮಾತು. ಎಲ್ಲರಿಗೂ ಇದು ಬೇಕಿಲ್ಲ. ಕೆಲವರ ತಲೆಚರ್ಮ ಹುಟ್ಟಿನಿಂದಲೇ ಸಡಿಲ. ಅತಿ ಸಡಿಲವಿದ್ದವರಲ್ಲೂ ಗೆರೆ ಹಿಗ್ಗುವುದುಂಟು.

ಹತ್ತನೇ ತಿಂಗಳಲ್ಲಿ ನಾನು ಮತ್ತೆ ತೋರಿಸಿಕೊಳ್ಳಲು ಹೋದೆ. ಡಾಕ್ಟರ್ ಹಿಂದಲೆಯಲ್ಲಿ 5 ಸೆಂ.ಮೀ. ಅಂತರದಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದರು. ಎರಡನ್ನೂ ಬೆರಳಿನಿಂದ ಹತ್ತಿರಕ್ಕೆ ಒತ್ತಿ, ಸ್ಕೇಲ್ ಇಟ್ಟು ಅಳೆದರು. ಎಷ್ಟು ಅಗಲದ ಪಟ್ಟಿ ತೆಗೆಯಬಹುದು ಎಂದು ತೀರ್ಮಾನವಾದದ್ದು ಆಗಲೇ. ಆ ಪಟ್ಟಿಯಲ್ಲಿ ಸಿಗುವ ಸಸಿಗಳ, ಅಂದರೆ ಗ್ರಾಫ್ಟ್‌ಗಳ ಸಂಖ್ಯೆ ನಾನು ದಾವಣಗೆರೆಯಲ್ಲೇ ಕೂತು ಲೆಕ್ಕ ಹಾಕಿಟ್ಟಿದ್ದಕ್ಕಿಂತ ಕಡಿಮೆಯೇ ಇತ್ತು.