ಎಕೋ ನಾರ್ಮಲ್ ಅಂದ್ರೆ ಬ್ಲಾಕ್ ಇಲ್ಲ ಅಂತಲ್ಲ

ಗೋಣಿಕೊಪ್ಪದಲ್ಲಿ ಕ್ಲಿನಿಕ್ ನಂದು, ಬರೋರಲ್ಲಿ ಬೀಪಿಯವ್ರೇ ಜಾಸ್ತಿ. ಕಾಫಿ ಕುಯ್ಲಿನ ಟೈಮಲ್ಲಿ ಒಬ್ರೂ ತಲೆ ಹಾಕಲ್ಲ, ಹೂಮಳೆ ಬಿದ್ಮೇಲೆ ಎಲ್ಲಾ ಒಟ್ಟಿಗೆ ಬರ್ತಾರೆ, ಅಷ್ಟೊತ್ತಿಗೆ ಮಾತ್ರೆ ಬಿಟ್ಟು ಎರಡು ತಿಂಗಳಾಗಿರತ್ತೆ.

ಬಂದ ಕೂಡ್ಲೆ ನೋಡಿದ್ರೆ 150/94, ಸ್ವಲ್ಪ ಕೂರ್ಸಿ ನೋಡಿದ್ರೆ 138/86, ಯಾವುದನ್ನ ನಂಬೋದು? ಅದಕ್ಕೇ ನಾನು ಎಕೋ, ಅಂದ್ರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡ್ತೀನಿ, ಹೃದಯ ವರ್ಷಗಟ್ಟಲೆ ತಡ್ಕೊಂಡಿದ್ದು ಅದರ ಗೋಡೆಯಲ್ಲಿ ಕಾಣತ್ತೆ. ಎಡ ವೆಂಟ್ರಿಕಲ್ (ಮೈಗೆಲ್ಲಾ ರಕ್ತ ಪಂಪ್ ಮಾಡೋ ಕೋಣೆ) ಗೋಡೆ ಗಂಡಸರಲ್ಲಿ 10 ಮಿ.ಮೀ., ಹೆಂಗಸರಲ್ಲಿ 9 ದಾಟಿದ್ರೆ ದಪ್ಪ ಆಗಿದೆ ಅಂತ ಲೆಕ್ಕ. ಆ ಕೋಣೆಯ ಮಾಂಸಖಂಡದ ತೂಕ ಏರಿದ ಹಾಗೆ ಹೃದಯದ ಕಾಯಿಲೆಯ ರಿಸ್ಕೂ ಏರತ್ತೆ ಅಂತ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಸ್ಟಡಿಯವ್ರು 1990ರಲ್ಲೇ ತೋರ್ಸಿದಾರೆ.

ಆದ್ರೆ ಅಳತೆ ತಪ್ಪಿದ್ರೆ ಎಲ್ಲಾ ತಪ್ಪು. ಶುರುವಲ್ಲಿ ಒಬ್ರು ಎಸ್ಟೇಟ್ ರೈಟ್ರಿಗೆ ನಾನೇ 13 ಮಿ.ಮೀ. ಅಂತ ಬರ್ದು ಕಳ್ಸಿದ್ದೆ, ಪಾಪ ಅವ್ರು ಹೆದ್ರಿ ಪಂದಿಕರಿನೂ ಬಿಟ್ರು ಉಪ್ಪಿನಕಾಯಿನೂ ಬಿಟ್ರು, ಎರಡು ತಿಂಗಳಾದ್ಮೇಲೆ ಮತ್ತೆ ನೋಡಿದ್ರೆ 10 ಅಷ್ಟೇ. ಅಷ್ಟು ಬೇಗ ಎಲ್ಲಿ ಇಳಿಯತ್ತೆ, ಮೊದಲ ಸಲ ನಾನು ಅಳತೆಯ ಗೆರೆ ಓರೆಯಾಗಿ ಹಾಕಿದ್ದೆ. ಬಾಳೆದಿಂಡನ್ನ ಓರೆಯಾಗಿ ಕೊಯ್ದ್ರೆ ಅಗಲ ಕಾಣಲ್ವಾ, ಹಾಗೆ. (ಉಪ್ಪಿನಕಾಯಿ ಮಾತ್ರ ವಾಪಸ್ ಶುರು ಮಾಡ್ಬೇಡಿ ಅಂದೆ.)

ಇನ್ನೊಂದು, ದಿನಾ ಕೇಳೋ ಮಾತು: "ಎಕೋ ಮಾಡ್ಸಿದೀನಿ ಡಾಕ್ಟ್ರೇ, ಬ್ಲಾಕ್ ಇಲ್ವಂತೆ." ಎಕೋದಲ್ಲಿ ಕಾಣೋದು ಮಾಂಸಖಂಡ, ವಾಲ್ವು, ಪಂಪಿಂಗು. ರಕ್ತನಾಳದೊಳಗಿನ ಬ್ಲಾಕ್ ಅದ್ರಲ್ಲಿ ಕಾಣಲ್ಲ, ಅಟ್ಯಾಕ್ ಆಗಿ ಮಾಂಸಖಂಡ ಸೋತ ಮೇಲೆ ಗೊತ್ತಾಗತ್ತೆ ಅಷ್ಟೇ.

ಅದಕ್ಕೆ ಬೇರೆ ಟೆಸ್ಟು, ಸಿಟಿ ಕ್ಯಾಲ್ಸಿಯಂ ಸ್ಕೋರ್. ಇಂಜೆಕ್ಷನ್ ಇಲ್ಲ, ಉಸಿರು ಹಿಡ್ಕೊಂಡು ಮಲಗಿದ್ರೆ ಮುಗೀತು, ರೇಡಿಯೇಷನ್ ಸುಮಾರು 1 ಮಿಲಿಸೀವರ್ಟ್. ನಾಳದ ಗೋಡೆಯಲ್ಲಿ ಕೂತಿರೋ ಸುಣ್ಣ ಬೆಳ್ಳಗೆ ಕಾಣತ್ತೆ. ಸೊನ್ನೆ ಇದ್ರೆ ನಿರಾಳ, 100 ದಾಟಿದ್ರೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ಬಗ್ಗೆ ಮಾತಾಡ್ಬೇಕು, 400 ದಾಟಿದ್ರೆ ಸೀರಿಯಸ್. ಎಲ್ರನ್ನೂ ಇದಕ್ಕೆ ಮೈಸೂರಿಗೆ ಓಡ್ಸಲ್ಲ ನಾನು, ನಲವತ್ತು ದಾಟಿ, ಏನೂ ತೊಂದ್ರೆ ಇಲ್ದೆ, ಕೊಲೆಸ್ಟ್ರಾಲ್ ಮಾತ್ರೆ ಕೊಡ್ಲೋ ಬೇಡ್ವೋ ಅಂತ ನಂಗೇ ಗೊಂದಲ ಇದ್ರೆ ಮಾತ್ರ. ಎದೆನೋವು ಇರೋರಿಗೆ ಈ ಸ್ಕೋರ್ ನೋಡ್ತಾ ಕೂರೋದು ತಪ್ಪು, ಸುಣ್ಣ ಕಟ್ಟದ ಮೆತ್ತನೆ ಕೊಬ್ಬು ಇದ್ರಲ್ಲಿ ಕಾಣಲ್ಲ.

ಹೋದ ವರ್ಷ ಒಂದೇ ಊರಿನ ಇಬ್ರನ್ನ ಕಳ್ಸಿದ್ದೆ, ಇಬ್ರಿಗೂ ಐವತ್ತು ದಾಟಿತ್ತು, ಬೀಪಿನೂ ಹೆಚ್ಚುಕಮ್ಮಿ ಒಂದೇ, ಇಬ್ರ ಎಕೋನೂ ನಾರ್ಮಲ್. ಒಬ್ರಿಗೆ 312 ಬಂತು, ಇನ್ನೊಬ್ರಿಗೆ ಸೊನ್ನೆ. 312ರವ್ರು ಮೂರು ವರ್ಷದಿಂದ ಬೇಡ ಅಂತಿದ್ದ ಮಾತ್ರೆನ ಅವತ್ತೇ ಶುರು ಮಾಡಿದ್ರು. ಸೊನ್ನೆಯವ್ರು ರಿಪೋರ್ಟ್ ಹಿಡ್ಕೊಂಡು ನಗ್ತಾ ಬಂದು, ಹಾಗಾದ್ರೆ ಬೀಪಿ ಮಾತ್ರೆ ಬಿಡ್ಬೋದಲ್ವಾ ಅಂದ್ರು. ಪಟ್ಟಿ ಸುತ್ತಿ ನೋಡ್ದೆ, 152/96 ಇತ್ತು.