ಕಮಿಷನರ್ ಅಂದ್ರೆ ಯಾವ ಕಮಿಷನರ್? ಅರ್ಜಿ ಬರೆಯುವ ಮುಂಚೆ ಇದನ್ನು ಓದಿ

"ಕಮಿಷನರಿಗೆ ಒಂದು ಅರ್ಜಿ ಕೊಡಿ, ಕೆಲಸ ಆಗುತ್ತೆ" ಅಂತ ಯಾರೋ ಹೇಳುತ್ತಾರೆ. ನಾವು ಹೊರಟುಬಿಡುತ್ತೇವೆ. ನಮ್ಮ ದೊಡ್ಡಮ್ಮ ಮನೆ ಖಾತೆಯ ವಿಷಯಕ್ಕೆ ಡಿಸಿ ಕಚೇರಿಗೆ ಅರ್ಜಿ ಕೊಟ್ಟು ಮೂರು ವಾರ ಕಾದರು. ಅದು ಹೋಗಬೇಕಾಗಿದ್ದದ್ದು ಪಾಲಿಕೆಯ ವಲಯ ಕಚೇರಿಗೆ. ಎರಡೂ ಕಡೆ ಕಮಿಷನರ್ ಅನ್ನೋ ಪದ ಇದೆಯಲ್ಲ, ಅಲ್ಲೇ ಗೊಂದಲ ಆಗಿದ್ದು. ವಯಸ್ಸಾದವರನ್ನು ಹೀಗೆ ಅಲೆಸುವುದು ನೋಡಿದರೆ ಸಂಕಟ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪದದ ಅರ್ಥ. ಇಂಗ್ಲಿಷಿನಲ್ಲಿ ಕಮಿಷನ್ ಅಂದರೆ ಒಬ್ಬರಿಗೆ ಅಧಿಕಾರ ಕೊಟ್ಟು ಒಂದು ಕೆಲಸ ಒಪ್ಪಿಸುವುದು. ಹಾಗೆ ಒಪ್ಪಿಸಿಕೊಂಡವರು ಕಮಿಷನರ್. ದಲ್ಲಾಳಿ ತಗೊಳ್ಳುವ ಕಮಿಷನ್ ಕೂಡ ಇದೇ ಪದ, ಒಪ್ಪಿಸಿದ ಕೆಲಸಕ್ಕೆ ಸಿಗುವ ದುಡ್ಡು ಅಷ್ಟೆ. ಕನ್ನಡದಲ್ಲಿ ಆಯುಕ್ತ ಅನ್ನುತ್ತೇವೆ, ಅದಕ್ಕೂ ಕೆಲಸಕ್ಕೆ ನೇಮಕ ಆದವನು ಅಂತಲೇ ಅರ್ಥ. ಅಂದರೆ ಈ ಪದ ಒಂದೇ ಇದ್ದರೆ ಏನೂ ತಿಳಿಯುವುದಿಲ್ಲ. ಯಾವ ಕೆಲಸ ಒಪ್ಪಿಸಿದ್ದಾರೆ ಅನ್ನೋದು ಅದರ ಹಿಂದೆ ಮುಂದೆ ಇರುವ ಪದದಲ್ಲಿರುತ್ತದೆ. ಅದನ್ನು ನೋಡಿ.

ಜಾಸ್ತಿ ಜನ ಎಡವುವುದು ಡಿಸಿ ಹತ್ತಿರ. ಡೆಪ್ಯುಟಿ ಕಮಿಷನರ್ ಅಂದರೆ ನಮ್ಮ ಜಿಲ್ಲಾಧಿಕಾರಿ. ಇಡೀ ಜಿಲ್ಲೆಗೆ ದೊಡ್ಡವರಾದರೂ ಹೆಸರಲ್ಲಿ 'ಡೆಪ್ಯುಟಿ' ಯಾಕೆ? ಪಕ್ಕದ ತಮಿಳುನಾಡು, ಕೇರಳದಲ್ಲಿ ಇದೇ ಹುದ್ದೆಯನ್ನು ಕಲೆಕ್ಟರ್ ಅನ್ನುತ್ತಾರಲ್ಲ? ಇದಕ್ಕೆ ಹಳೇ ಮೈಸೂರಿನ ಕಥೆ ಇದೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದುಕೊಂಡು ಕಮಿಷನರುಗಳ ಕೈಗೆ ಕೊಟ್ಟರು. 1834ರಿಂದ 1861ರವರೆಗೆ ಆ ಕುರ್ಚಿಯಲ್ಲಿದ್ದವರು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಇರುವುದು ಅವರದೇ ಹೆಸರು. ಅವರ ನಂತರ ಬಂದವರು ಬೌರಿಂಗ್. ಜಿಲ್ಲೆ ನೋಡಿಕೊಳ್ಳುತ್ತಿದ್ದವರು ಆ ಮೇಲಿನ ಕಮಿಷನರ ಕೈಕೆಳಗೆ ಇದ್ದರು, ಹಾಗಾಗಿ ಡೆಪ್ಯುಟಿ. 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ವಾಪಸ್ ಬಂತು, ಚೀಫ್ ಕಮಿಷನರ್ ಹೋಗಿ ದಿವಾನರು ಬಂದರು. ಆದರೆ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಹೆಸರು ಮಾತ್ರ ಇವತ್ತಿಗೂ ಉಳಿದಿದೆ. ನನಗೆ ಈ ಸಣ್ಣ ಪದದೊಳಗೆ ಐವತ್ತು ವರ್ಷದ ಚರಿತ್ರೆ ಕೂತಿರುವುದು ಬಹಳ ಇಷ್ಟ.

ಹಾಗಾಗಿ ಕನ್ನಡದಲ್ಲಿ ಬರೆಯುವಾಗ ಡಿಸಿಗೆ 'ಉಪ ಆಯುಕ್ತರು' ಅಂತ ಬರೆಯಬೇಡಿ, 'ಜಿಲ್ಲಾಧಿಕಾರಿಗಳು' ಅಂತಲೇ ಬರೆಯಿರಿ. ಫೋನಿನ ಅನುವಾದ ನಂಬಿದರೆ ಇಲ್ಲೇ ಕೆಡುತ್ತದೆ. ಅಬಕಾರಿ ಇಲಾಖೆಯಲ್ಲೂ ಡೆಪ್ಯುಟಿ ಕಮಿಷನರ್ ಇದ್ದಾರೆ, ಪೊಲೀಸರಲ್ಲಿ ಡಿಸಿಪಿ, ಅಂದರೆ ಡೆಪ್ಯುಟಿ ಕಮಿಷನರ್ ಆಫ್ ಪೊಲೀಸ್ ಇದ್ದಾರೆ. ಉಪ ಆಯುಕ್ತ ಅನ್ನೋ ಪದ ಅವರಿಗೆ ಸರಿ.

ಡಿಸಿಗಿಂತ ಒಂದು ಮೆಟ್ಟಿಲು ಕೆಳಗೆ ಎಸಿ, ಅಸಿಸ್ಟೆಂಟ್ ಕಮಿಷನರ್, ಕನ್ನಡದಲ್ಲಿ ಉಪವಿಭಾಗಾಧಿಕಾರಿ. ಇವರನ್ನು ನೆನಪಿಟ್ಟುಕೊಳ್ಳಿ, ಯಾಕಂದ್ರೆ ನಮ್ಮಂಥವರಿಗೆ ಡಿಸಿಗಿಂತ ಇವರ ಹತ್ತಿರವೇ ಜಾಸ್ತಿ ಕೆಲಸ ಬೀಳುತ್ತದೆ. ಪಹಣಿ, ಮ್ಯುಟೇಶನ್ ವಿಷಯದಲ್ಲಿ ತಹಶೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹೋಗುವುದು ಎಸಿ ಕೋರ್ಟಿಗೆ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಅಂತ ಅಪ್ಪ ಅಮ್ಮ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜೀವನಾಂಶ ಕೇಳುವುದೂ ಇವರ ಮುಂದೆಯೇ. ಇದು ಗೊತ್ತಿಲ್ಲದೆ ಎಷ್ಟೋ ಹಿರಿಯರು ಪೊಲೀಸ್ ಸ್ಟೇಷನ್ ಬಾಗಿಲಲ್ಲೇ ಕೂತು ವಾಪಸ್ ಬರುತ್ತಾರೆ.

ಊರಿನ ಆಡಳಿತಕ್ಕೆ ಬನ್ನಿ. ಮಹಾನಗರ ಪಾಲಿಕೆಯಲ್ಲಿ ಇರುವವರು ಆಯುಕ್ತರು. ನಗರಸಭೆಯಲ್ಲಿ ಪೌರಾಯುಕ್ತರು. ಪುರಸಭೆ, ಪಟ್ಟಣ ಪಂಚಾಯಿತಿಯಲ್ಲಿ ಕಮಿಷನರೇ ಇಲ್ಲ, ಅಲ್ಲಿ ಮುಖ್ಯಾಧಿಕಾರಿ. ಕಸ, ನೀರು, ಬೀದಿದೀಪ, ಖಾತೆ ಎಲ್ಲ ಇಲ್ಲಿಗೆ.

ಪೊಲೀಸ್ ಕಮಿಷನರ್ ಎಲ್ಲ ಊರಲ್ಲೂ ಇರುವುದಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳಲ್ಲಿದ್ದಾರೆ. ಉಳಿದ ಕಡೆ ಜಿಲ್ಲೆಗೆ ಎಸ್ಪಿ. ಹೆಸರಷ್ಟೇ ಬೇರೆ ಅಂದುಕೊಳ್ಳಬೇಡಿ. ಈ ನಗರಗಳಲ್ಲಿ ನಿಷೇಧಾಜ್ಞೆ ಹಾಕುವ ಅಧಿಕಾರ ಕಮಿಷನರಿಗೇ ಇದೆ, ಎಸ್ಪಿಗೆ ಆ ಅಧಿಕಾರ ಇಲ್ಲ, ಹಾಗಾಗಿ ಬೇರೆ ಜಿಲ್ಲೆಗಳಲ್ಲಿ ಅದನ್ನು ಹೊರಡಿಸುವವರು ಡಿಸಿ. 2024ರ ಜುಲೈನಿಂದ ಹೊಸ ಕಾನೂನಿನಲ್ಲಿ ಅದು 163ನೇ ಸೆಕ್ಷನ್, ಜನರ ಬಾಯಲ್ಲಿ ಮಾತ್ರ ಇನ್ನೂ 144.

ಚುನಾವಣೆ ವಿಷಯದಲ್ಲೂ ಹುಷಾರು. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವುದು ದೆಹಲಿಯ ಚುನಾವಣಾ ಆಯೋಗ. ಗ್ರಾಮ ಪಂಚಾಯಿತಿ, ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆಯೋಗ ಬೇರೆ, ಆಯುಕ್ತರೂ ಬೇರೆ. ಮಾಹಿತಿ ಹಕ್ಕಿನಲ್ಲಿ ಮಾಹಿತಿ ಆಯುಕ್ತರ ಹತ್ತಿರ ಹೋಗುವುದು ಎರಡನೇ ಮೇಲ್ಮನವಿಗೆ, ಮೊದಲನೆಯದು ಅದೇ ಇಲಾಖೆಯ ಮೇಲಧಿಕಾರಿಗೆ.

ವಿದೇಶದಲ್ಲಿ ಓದುವ ಮಕ್ಕಳಿರುವವರಿಗೆ ಒಂದು ಮಾತು. ಲಂಡನ್, ಕ್ಯಾನ್‌ಬೆರಾ, ಒಟ್ಟಾವಾದಲ್ಲಿ ಹುಡುಕಬೇಕಾದದ್ದು ಭಾರತದ ಹೈ ಕಮಿಷನ್, ರಾಯಭಾರ ಕಚೇರಿ ಅಂತ ಅಲ್ಲ. ಕಾಮನ್‌ವೆಲ್ತ್ ದೇಶಗಳು ಒಬ್ಬರಿಗೊಬ್ಬರು ಹೈ ಕಮಿಷನರನ್ನು ಕಳಿಸುತ್ತವೆ. ಕೆಲಸ ರಾಯಭಾರಿಯದೇ.

ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ಎಮ್, ಎರಡು ಎಸ್, ಒಂದೇ ಎನ್. ಕಮಿಷನೇರ್ ಅಂತ ಇನ್ನೊಂದು ಪದ ಇದೆ, ಅದು ಬ್ರಿಟನ್ನಿನ ಹೋಟೆಲ್ ಬಾಗಿಲಲ್ಲಿ ಸಮವಸ್ತ್ರ ಹಾಕಿ ನಿಲ್ಲುವವರಿಗೆ. ಅರ್ಜಿಯ ಮೇಲೆ ಅಧಿಕಾರಿಯ ಹೆಸರು ಬೇಡ, ನಾಳೆ ಅವರಿಗೆ ವರ್ಗ ಆಗಬಹುದು. 'ಇವರಿಗೆ, ಮಾನ್ಯ ಉಪವಿಭಾಗಾಧಿಕಾರಿಗಳು' ಅಂತ ಹುದ್ದೆ ಬರೆದು, ಕೆಳಗೆ ಉಪವಿಭಾಗ, ಜಿಲ್ಲೆ ಹಾಕಿ. ಇನ್ನೊಂದು ಪ್ರತಿ ಮಾಡಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಅದಕ್ಕೆ ಸೀಲು, ತಾರೀಖು ಹಾಕಿಸಿಕೊಂಡೇ ಮನೆಗೆ ಬನ್ನಿ.